ಸ್ಟೋಮಾ ಬ್ಯಾಗ್ ಇದ್ದವರು ವಿಮಾನ ನಿಲ್ದಾಣದ ತಪಾಸಣೆಗೆ ನಿಲ್ಲುವ ಮೊದಲು ಇದನ್ನು ಓದಿ

ಕಾರವಾರ ಕಡೆಯ ಹಿರಿಯರೊಬ್ಬರಿಗೆ ಆದದ್ದು ಇದು. ಕರುಳಿನ ಆಪರೇಷನ್ ಆಗಿ, ಹೊಟ್ಟೆಯ ಎಡಬದಿಗೆ ದೊಡ್ಡ ಕರುಳನ್ನು ಹೊರಕ್ಕೆ ತೆರೆದ ಬಾಯಿಯ (ಸ್ಟೋಮಾ) ಮೇಲೆ ಮಲ ಸೇರುವ ಕೊಲೊಸ್ಟಮಿ ಬ್ಯಾಗ್ ಇತ್ತು. ಬೆಳಿಗ್ಗೆ ಗಂಜಿ ಉಂಡು ಹೊರಟು, ಎರಡೂವರೆ ತಾಸು ಕಾರಿನಲ್ಲಿ ಕೂತು, ಇಳಿದವರೇ ಸೀದಾ ತಪಾಸಣೆಯ ಸಾಲಿಗೆ ನಿಂತರು. ಭದ್ರತಾ ಜವಾನರು ಪ್ಯಾಂಟಿನ ಪಟ್ಟಿಗುಂಟ ಕೈ ಆಡಿಸುವಾಗ ಉಬ್ಬು ಸಿಕ್ಕಿತು. ಏನಿದು ಎಂದು ಕೇಳುತ್ತಲೇ ಅಂಗೈಯಲ್ಲಿ ಒತ್ತಿದರು. ಅರ್ಧ ತುಂಬಿದ್ದ ಬ್ಯಾಗು ಬುಡದಲ್ಲಿ ಬಿಟ್ಟುಕೊಂಡಿತು. ಅಷ್ಟು ಜನರ ಎದುರು, ಬಿಳಿ ಅಂಗಿಯ ಮೇಲೆ. ವಿಮಾನವೂ ತಪ್ಪಿತು.

ಬ್ಯಾಗಿನಲ್ಲಿ ಲೋಹವಿಲ್ಲ, ಬಾಗಿಲ ಚೌಕಟ್ಟು ದಾಟುವಾಗ ಸದ್ದಾಗದು, ಹಾಗಾಗಿ ತೊಂದರೆಯಿಲ್ಲ ಎಂದು ಬಹಳ ಜನ ನಂಬಿದ್ದಾರೆ. ತಪ್ಪು. ನಮ್ಮಲ್ಲಿ ಸದ್ದಾಗದಿದ್ದರೂ ಕೈಯಿಂದ ಮೈ ಸವರಿ ನೋಡುತ್ತಾರೆ. ಹೆಂಗಸರಿಗೆ ಪರದೆಯ ಮರೆ ಇರುತ್ತದೆ, ಗಂಡಸರಿಗೆ ಎಲ್ಲರ ಎದುರೇ. ಮರೆ ಬೇಕೆಂದರೆ ಕೇಳಿಯೇ ಪಡೆಯಬೇಕು, ಅದೂ ಕೈ ಮೈಗೆ ತಾಗುವ ಮೊದಲು. ಅಲ್ಲಿರುವವರಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಹಿಂದಿಯ ಈ ಮಾತು ಬಾಯಿಪಾಠ ಮಾಡಿಕೊಳ್ಳಿ: 'ಪೇಟ್ ಪರ್ ಮೆಡಿಕಲ್ ಬ್ಯಾಗ್ ಹೈ, ದಬಾಯಿಯೇ ಮತ್, ಅಲಗ್ ಕಮರೇ ಮೇಂ ಚೆಕ್ ಕೀಜಿಯೇ' (ಹೊಟ್ಟೆಯ ಮೇಲೆ ವೈದ್ಯಕೀಯ ಚೀಲವಿದೆ, ಒತ್ತಬೇಡಿ, ಬೇರೆ ಕೋಣೆಯಲ್ಲಿ ತಪಾಸಣೆ ಮಾಡಿ). ಜೊತೆಗೆ ವೈದ್ಯರ ಪತ್ರ ಕೈಯಲ್ಲೇ ಇರಲಿ, ಕೈಚೀಲದ ತಳದಲ್ಲಲ್ಲ. ಹೊಟ್ಟೆಗೆ ಅಂಟಿಸಿದ ಚೀಲವಿದೆ, ತೆಗೆದು ತೋರಿಸುವಂಥದ್ದಲ್ಲ ಎಂಬ ಎರಡು ಸಾಲು ಇಂಗ್ಲಿಷಿನಲ್ಲಿದ್ದರೆ ಸಾಕು. ಪತ್ರವಿದೆಯೆಂದು ತಪಾಸಣೆ ಬಿಡುವುದಿಲ್ಲ, ಬಿಡಬೇಕೆಂದು ವಾದಿಸಲೂ ಬೇಡಿ. ಬಟ್ಟೆಯ ಮೇಲಿಂದ ನೀವೇ ಬ್ಯಾಗು ಮುಟ್ಟಿ, ನಿಮ್ಮ ಅಂಗೈಯನ್ನು ಸ್ಫೋಟಕ ಪರೀಕ್ಷೆಗೆ ಒಡ್ಡುವುದು ಅಮೆರಿಕದ ನಿಲ್ದಾಣಗಳಲ್ಲಿ ರೂಢಿ. ಇಲ್ಲಿಯೂ ಹಾಗೆ ಮಾಡಬಹುದೇ ಎಂದು ಕೇಳಿ ನೋಡಿ.

ಇನ್ನು ಸೋರುವುದೇಕೆ? ಬ್ಯಾಗನ್ನು ಹಿಡಿದಿಡಲು ಚರ್ಮಕ್ಕೆ ಅಂಟುವ ಬಿಲ್ಲೆ, ಅಂದರೆ ಫ್ಲ್ಯಾಂಜ್, ಕರಾವಳಿಯ ಸೆಕೆಗೆ, ಬೆವರಿಗೆ ಅಂಚಿನಲ್ಲಿ ಮೊದಲೇ ಸಡಿಲವಾಗಿರುತ್ತದೆ. ತುಂಬಿದ ಬ್ಯಾಗು ಒತ್ತಿದಾಗ ಒಳಗಿನದು ಆ ಸಂದಿಗೆ ನುಗ್ಗುತ್ತದೆ. ಒಮ್ಮೆ ನುಗ್ಗಿತೆಂದರೆ ಮೇಲಿಂದ ಟೇಪು ಹಚ್ಚಿ ಪ್ರಯೋಜನವಿಲ್ಲ, ಪೂರ್ತಿ ಬದಲಿಸಬೇಕು. ಇಲಿಯೊಸ್ಟಮಿ (ಸಣ್ಣ ಕರುಳನ್ನು ಹೊರಕ್ಕೆ ತೆರೆಯುವ ಆಪರೇಷನ್) ಆದವರಂತೂ ತಡ ಮಾಡಲೇಬಾರದು, ಅದರ ದ್ರವದಲ್ಲಿ ಜೀರ್ಣರಸ ಇರುವುದರಿಂದ ಚರ್ಮ ಬೇಗ ಸುಡುತ್ತದೆ. ಬ್ಯಾಗು ಮೂರನೇ ಒಂದು ಪಾಲು ತುಂಬಿದಾಗ ಖಾಲಿ ಮಾಡಬೇಕೆನ್ನುವುದು ಮನೆಯಲ್ಲಿ ಎಲ್ಲರೂ ಪಾಲಿಸುವ ನಿಯಮ, ಪ್ರಯಾಣದಲ್ಲಿ ಮರೆಯುವುದೂ ಅದನ್ನೇ. ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಗೋವಾಕ್ಕೋ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿಯೇ ವಿಮಾನ ಹತ್ತಬೇಕು. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್. ಅಷ್ಟರಲ್ಲಿ ಬ್ಯಾಗು ತುಂಬಿರುತ್ತದೆ. ಸಾಲಿಗೆ ನಿಲ್ಲುವ ಮೊದಲು ಶೌಚಾಲಯಕ್ಕೆ ಹೋಗಿ ಖಾಲಿ ಮಾಡಿ, ಗಾಳಿಯನ್ನೂ ಬಿಡಿ. ಮೇಲೆ ಹೋದಾಗ ಕ್ಯಾಬಿನ್ನಿನ ಒತ್ತಡ ಇಳಿದು ಬ್ಯಾಗು ಉಬ್ಬುತ್ತದೆ, ಆದ್ದರಿಂದ ಆ ದಿನ ಸೋಡಾ, ಕಾಳಿನ ಪಲ್ಯ ಬೇಡ.

ಫ್ಲ್ಯಾಂಜಿನ ತೂತನ್ನು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ದೊಡ್ಡದಾಗಿ ಮನೆಯಲ್ಲೇ ಕತ್ತರಿಸಿಡಿ, ಕತ್ತರಿಯನ್ನು ತಪಾಸಣೆಯಲ್ಲಿ ತೆಗೆದಿಡಬಹುದು. ಬೇಕಾದದ್ದಕ್ಕಿಂತ ಎರಡು ಪಟ್ಟು ಬ್ಯಾಗು ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ಬೇಕಾದ ಹೊತ್ತಿಗೆ ಕೈಗೆ ಸಿಗದು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟರೆ ಅಂಟು ಕರಗಿ ಕೆಡುತ್ತದೆ.

 

ಅಷ್ಟಾಗಿಯೂ ಸೋರಿದರೆ ನಾಚಿಕೊಂಡು ಸೀಟಿಗೆ ಹೋಗಿ ಕೂರಬೇಡಿ. ವಿಮಾನದ ಸಿಬ್ಬಂದಿಗೆ ಒಂದು ಮಾತು ತಿಳಿಸಿ, ತಪಾಸಣೆ ದಾಟಿದ ಮೇಲಿನ ಅಂಗವಿಕಲರ ಶೌಚಾಲಯಕ್ಕೆ ಹೋಗಿ. ಅಲ್ಲಿ ಕೈಚೀಲ ಇಟ್ಟುಕೊಂಡು ಬದಲಿಸಲು ಜಾಗವಿರುತ್ತದೆ. ತೊಳೆದು, ಚರ್ಮ ಪೂರ್ತಿ ಒಣಗಿಸಿ, ಹೊಸದು ಅಂಟಿಸಿ, ಅಂಗೈ ಶಾಖದಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿಯಲು ಹದಿನೈದು-ಇಪ್ಪತ್ತು ನಿಮಿಷ ಬೇಕು. ಆ ಹೊತ್ತನ್ನೂ ಲೆಕ್ಕಕ್ಕೆ ಹಿಡಿದೇ ಮನೆಯಿಂದ ಹೊರಡಿ.