10×14 ಅಡಿಯ ಕೋಣೆಗೆ ಮಾಡಿಸಿದ ದಿವಾನ ಮತ್ತು ಮಡಚುವ ಮೇಜು: ನಾಲ್ಕೂವರೆ ವರ್ಷ ಬಳಸಿದ ಮೇಲೆ

ಕಲಬುರಗಿಯ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ಒಂದು ಅಡುಗೆಮನೆ, 10 ಅಡಿ ಅಗಲ 14 ಅಡಿ ಉದ್ದದ ಒಂದು ಕೋಣೆ. ಅತ್ತೆಯವರು, ನಾವಿಬ್ಬರು, ಹೈಸ್ಕೂಲಿಗೆ ಹೋಗುವ ಮಗಳು ಅದರಲ್ಲೇ ಮಲಗಬೇಕು, ಉಣ್ಣಬೇಕು, ಓದಬೇಕು. ಶರಣಬಸವೇಶ್ವರ ಜಾತ್ರೆಗೆ ಊರಿನಿಂದ ಬಂದವರಿಗೂ ಅಲ್ಲೇ ಜಾಗ ಆಗಬೇಕು.

ಮೊದಲು ಅಂಗಡಿಯಿಂದ ಸಿದ್ಧ ಸೋಫಾ ಮಂಚ ತಂದಿದ್ದೆವು. ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ ಅದು. ಶಹಾಬಾದ್ ಪರಸಿಯ ನೆಲವನ್ನು ನೀರು ಸುರಿದು ತೊಳೆಯುವ ಮನೆ ನಮ್ಮದು. ವರ್ಷ ತುಂಬುವುದರೊಳಗೆ ಅದರ ಬುಡ ರೊಟ್ಟಿಯಂತೆ ಉಬ್ಬಿತು. ಆ ಹಣ ಹೋದದ್ದು ನನಗೆ ಇಂದಿಗೂ ನೋವು. ಹಾಗಾಗಿ 2021ರ ಜನವರಿಯಲ್ಲಿ ಬಡಿಗರನ್ನು ಮನೆಗೇ ಕರೆಸಿ, ಒಳಗೆ ಸಾಮಾನು ಇಡುವ ಪೆಟ್ಟಿಗೆ ಮಂಚ, ಅಂದರೆ ದಿವಾನ, ಮತ್ತು ಮಡಚುವ ಮೇಜು ಮಾಡಿಸಿದೆವು. 19 ಮಿ.ಮೀ. ಪ್ಲೈವುಡ್ಡಿನ ಮೇಲೆ ಐಎಸ್ 710 ಮುದ್ರೆ (ನೀರು ತಡೆಯುವ ಮರೈನ್ ಪ್ಲೈವುಡ್ಡಿನ ಗುರುತು) ಇದೆಯೇ ಎಂದು ಕಣ್ಣಾರೆ ನೋಡಿ ತಂದೆವು. ಕಾಲುಗಳು ಸಾಗುವಾನಿಯವು, ತುದಿಗೆ ರಬ್ಬರ್ ಬುಷ್. ಕೂಲಿ ಸೇರಿ ಎರಡೂ ಸಾಮಾನಿಗೆ 41 ಸಾವಿರ ರೂಪಾಯಿ ಆಯಿತು. ಇಷ್ಟು ವರ್ಷಗಳಲ್ಲಿ ಬುಡಕ್ಕೆ ಏನೂ ಆಗಿಲ್ಲ.

ದಿವಾನದ ಬಗ್ಗೆ ಹೇಳುವುದು ಬಹಳ ಇದೆ. 6 ಅಡಿ ಉದ್ದ, 4 ಅಡಿ ಅಗಲ, ಮೇಲೆ ಒಂದೇ ಅಖಂಡ ಮುಚ್ಚಳ. ಎತ್ತಲು ಎರಡು ಗ್ಯಾಸ್ ದಂಡಗಳನ್ನು, ಅಂದರೆ ಒಳಗಿನ ಅನಿಲದ ಒತ್ತಡದಿಂದ ಮುಚ್ಚಳವನ್ನು ಮೇಲಕ್ಕೆ ತಳ್ಳುವ ಸರಳುಗಳನ್ನು, ಹಾಕಿದ್ದರು. ಮಾಡಿಸಿದ ದಿನ ಬೆರಳಲ್ಲಿ ಎತ್ತಿ ತೋರಿಸಿದಾಗ ನಾವೆಲ್ಲ ಬೆರಗಾಗಿದ್ದೆವು. ಆಗ ಅದರ ಮೇಲೆ ಹತ್ತಿಯ ಗಾದಿ ಇರಲಿಲ್ಲ! ಗಾದಿ, ದಿಂಬು, ಕೂತ ಅತ್ತೆಯವರು, ಎಲ್ಲರೂ ಏಳದೆ ಮುಚ್ಚಳ ತೆರೆಯುವಂತಿರಲಿಲ್ಲ. ಹೀಗಾಗಿ ತಿಂಗಳಿಗೊಮ್ಮೆ ತೆರೆದರೆ ಹೆಚ್ಚು. ದಿನವೂ ಬೇಕಾಗುವ ಬಟ್ಟೆ ಮತ್ತೆ ಹಗ್ಗದ ಮೇಲೆಯೇ ಉಳಿಯಿತು. ಮೂರನೆಯ ಬೇಸಿಗೆಗೆ ಒಂದು ದಂಡ ಸೋತು, ಮುಚ್ಚಳ ತಾನಾಗಿ ಕೆಳಗಿಳಿಯತೊಡಗಿತು. ಮಗಳ ಕೈ ಅದರೊಳಗಿತ್ತು; ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಅಂದೇ ಬಡಿಗರನ್ನು ಕರೆಸಿ ದಂಡಗಳನ್ನು ತೆಗೆಸಿದೆ. ಈಗ ಮುಚ್ಚಳ ಎರಡು ಭಾಗ, ಮುಂಭಾಗದಲ್ಲಿ ಚಕ್ರವಿರುವ ಎರಡು ಡ್ರಾಯರ್. ಮೇಲೆ ಯಾರು ಮಲಗಿದ್ದರೂ ಕಾಲಿನಿಂದ ಎಳೆದು ಬಟ್ಟೆ ತೆಗೆಯಬಹುದು. ಮೊದಲೇ ಹೀಗೆ ಮಾಡಿಸಬೇಕಿತ್ತು.

ಇನ್ನೊಂದು ತಪ್ಪು ಪೂರ್ತಿ ನಮ್ಮದೇ. ಊರಿನಿಂದ ಬಂದ ಜೋಳದ ಚೀಲವನ್ನು ಕೌದಿಗಳ ಪಕ್ಕದಲ್ಲೇ ದಿವಾನದೊಳಗೆ ಇಟ್ಟೆವು. ಬೇವಿನ ಎಲೆ ಹಾಕಿದ್ದರೂ ಗಾಳಿಯಾಡದೆ ನುಸಿ ಬಿದ್ದು, ಕೌದಿಯ ಮಡಿಕೆಗಳಿಗೂ ಹರಡಿತು. ಅಜ್ಜಿ ಹೊಲಿದ ಕೌದಿ ಅದು, ಮೂರು ದಿನ ಬಿಸಿಲಿಗೆ ಹಾಕಿ ಉಳಿಸಿಕೊಂಡೆ. ಈಗ ಹಿಂಬದಿಯ ಹಲಗೆಗೆ ಸಾಲು ತೂತು ಕೊರೆಸಿ ಜಾಲರಿ ಹೊಡೆಸಿದ್ದೇವೆ. ಕಾಳು ಒಳಗೆ ಹೋಗುವುದಿಲ್ಲ.

ಮೇಜು ನನ್ನ ಅಚ್ಚುಮೆಚ್ಚಿನದು. 4 ಅಡಿ ಉದ್ದ, 2 ಅಡಿ ಅಗಲದ, ಸಾಗುವಾನಿ ತುಂಡುಗಳನ್ನು ಜೋಡಿಸಿದ ಹಲಗೆ, ಬೇಡವೆಂದಾಗ ಕೆಳಗೆ ಇಳಿಬಿಡಬಹುದು. ಮಗಳು ಅಲ್ಲೇ ಓದುತ್ತಾಳೆ, ಅಲ್ಲೇ ಊಟ. ರಾತ್ರಿ ಒಂದೇ ಕೈಯಲ್ಲಿ ಮಡಚಿದರೆ ಅದೇ ಜಾಗದಲ್ಲಿ ಅವಳ ಹಾಸಿಗೆ. ಇದನ್ನು ಗೋಡೆಗೇ ಕೂಡಿಸಬೇಕೆಂದಿದ್ದೆವು, ಆದರೆ ನಮ್ಮ ಗೋಡೆ ಕಲ್ಲು ಮಣ್ಣಿನದು, ಸ್ಕ್ರೂ ಹಿಡಿಯದೆ ಗಿಲಾವು ಉದುರುತ್ತಿತ್ತು. ಬಡಿಗರು ಗೋಡೆಯ ಆಸೆ ಬಿಟ್ಟು ನೆಲದಿಂದ ತೊಲೆಯವರೆಗೆ ಎರಡು ಕಂಬ ನಿಲ್ಲಿಸಿ ಅದಕ್ಕೆ ಕೂಡಿಸಿದರು. ಬಾಡಿಗೆ ಮನೆಯವರಿಗೂ ಇದೇ ಒಳ್ಳೆಯದು, ಹೋಗುವಾಗ ಬಿಚ್ಚಿಕೊಂಡು ಹೋಗಬಹುದು.

ಮೊದಲ ಏಪ್ರಿಲ್‌ನಲ್ಲೇ ಹಲಗೆಯ ನಡು ತಟ್ಟೆಯಂತೆ ತಗ್ಗಾಯಿತು. ಇಟ್ಟ ಪೆನ್ಸಿಲ್ ಉರುಳಿ ನಡುವಿಗೆ ಬರುತ್ತಿತ್ತು. ಮರ ಕೆಟ್ಟದ್ದೆಂದು ಬಡಿಗರ ಮೇಲೆ ಸಿಟ್ಟಾದೆ. ಅವರು ಹಲಗೆಯ ಅಡಿಯನ್ನು ಸವರಿ ನೋಡಿ, "ಅಕ್ಕಾ, ಕೂಲರ್ ಎಲ್ಲಿಡುತ್ತೀರಿ?" ಎಂದು ಕೇಳಿದರು. ನೆಲದ ಮೇಲಿನ ಕೂಲರ್ ತನ್ನ ತೇವದ ಗಾಳಿಯನ್ನೆಲ್ಲ ಮೇಜಿನ ಅಡಿಗೇ ಊದುತ್ತಿತ್ತು. ಪಾಲಿಶ್ ಹೊಡೆದದ್ದು ಮೇಲ್ಮೈಗೆ ಮಾತ್ರ. ಪಾಲಿಶ್ ಇಲ್ಲದ ಅಡಿಭಾಗ ನೀರು ಕುಡಿದು ಹಿಗ್ಗಿತು, 40 ಡಿಗ್ರಿ ದಾಟಿದ ಬಿಸಿಲಿಗೆ ಮೇಲ್ಭಾಗ ಒಣಗಿ ಕುಗ್ಗಿತು. ಅವರು ಹಲಗೆ ಒಣಗಿಸಿ ಎರಡೂ ಬದಿಗೆ ಪಾಲಿಶ್ ಕೊಟ್ಟರು. ಅಡಿಗೆ ಎರಡು ಅಡ್ಡಪಟ್ಟಿ ಬಿಗಿದು, ಸ್ಕ್ರೂಗಳ ತೂತನ್ನು ಉದ್ದುದ್ದವಾಗಿ ಕೊರೆದರು. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ, ಅದಕ್ಕೆ ಸರಿಯಲು ಜಾಗ ಬೇಕಂತೆ. ಈಗ ಬೇಸಿಗೆಯಲ್ಲಿ ಹಲಗೆಯ ತುಂಡುಗಳ ನಡುವೆ ಸಣ್ಣ ಸಂದು ಕಾಣುತ್ತದೆ, ಶ್ರಾವಣದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ತಟ್ಟೆಯಾಕಾರ ಮತ್ತೆ ಬಂದಿಲ್ಲ.

ಈ ಮೇಜಿನ ಮೇಲೆ ಜೋಳದ ರೊಟ್ಟಿ ಬಡಿಯಬೇಡಿ. ಅತ್ತೆಯವರಿಗೆ ಮಂಡಿ ನೋವು, ನಿಂತು ಬಡಿಯಲಿ ಎಂದು ಒಂದು ವಾರ ಪ್ರಯತ್ನಿಸಿದೆವು. ಕೀಲುಗಳ ಸ್ಕ್ರೂ ಸಡಿಲಾದವು. ರೊಟ್ಟಿಗೆ ಕಡಪಾ ಕಲ್ಲಿನ ಅಡುಗೆ ಕಟ್ಟೆಯೇ ಸರಿ, ಅದರ ಎತ್ತರವನ್ನು ಅತ್ತೆಯವರ ಅಳತೆಗೆ ಇಳಿಸಿಕೊಟ್ಟಿದ್ದೇವೆ.

ಗೆದ್ದಲು ಇದುವರೆಗೆ ಬಂದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ದಿವಾನವನ್ನು ಗೋಡೆಯಿಂದ ಸರಿಸಿ ಹಿಂಬದಿ ನೋಡುತ್ತೇವೆ.

ಮಾಡಿಸಬೇಕೆಂದಿರುವವರು ಬಡಿಗರಿಗೆ ಅಳತೆ ಕೊಡುವ ಮೊದಲು ಒಂದು ದಿನ ಕೋಣೆಯಲ್ಲಿ ಕೂತು, ಯಾರು ಎಷ್ಟು ಹೊತ್ತಿಗೆ ಎಲ್ಲಿರುತ್ತಾರೆ ಎಂದು ಬರೆದುಕೊಳ್ಳಿ. ಕೂಲರ್ ಇಡುವ ಜಾಗವನ್ನೂ ಅದರಲ್ಲಿ ಗುರುತಿಸಿ. ಮಗಳು ಮುಂದಿನ ವರ್ಷ ಪಿಯುಸಿ ಸೇರುತ್ತಾಳೆ, ಪುಸ್ತಕ ಹೆಚ್ಚುತ್ತವೆ. ಮೇಜಿನ ಎರಡು ಕಂಬಗಳ ನಡುವೆಯೇ ಕಪಾಟು ಕೂಡಿಸಲು ಅದೇ ಬಡಿಗರಿಗೆ ಮುಂಗಡ ಕೊಟ್ಟಿದ್ದೇನೆ.