ಬ್ರಯಾನ್ 2ರ ಸ್ಟೋರ್, ರಿಸ್ಟೋರ್: ಕರೆಂಟ್ ಹೋದರೂ ಕೆಲಸ ಉಳಿಯಿತು

ರಾಯಚೂರಿನ ಬೇಸಿಗೆ ಗೊತ್ತಲ್ವಾ, ಮಧ್ಯಾಹ್ನ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ನನ್ನ ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಬ್ರಯಾನ್ 2ರಲ್ಲಿ 4,000 ನರಕೋಶಗಳ ಮಾದರಿ ಓಡಿಸುವಾಗ ಎರಡು ಸಲ ಎಲ್ಲಾ ಕಳೆದುಕೊಂಡೆ, ಎರಡನೇ ಸಲ ಅಳುವೇ ಬಂತು.

ಬ್ರಯಾನ್ 2 ಅಂದರೆ ನರಕೋಶಗಳ ಜಾಲ ಹೇಗೆ ಕೆಲಸ ಮಾಡುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಳಸುವ ಉಚಿತ ಸಾಫ್ಟ್‌ವೇರ್. ಇದರಲ್ಲಿ ಸ್ಟೋರ್ ಅಂತ ಒಂದು ಸಾಲು ಬರೆದರೆ ಆ ಕ್ಷಣದ ನರಕೋಶಗಳ ವೋಲ್ಟೇಜ್, ಸಿನಾಪ್ಸ್‌ಗಳ (ನರಕೋಶಗಳ ನಡುವಿನ ಸಂಪರ್ಕಗಳ) ತೂಕ ಅಂದರೆ ಬಲ, ಇನ್ನೂ ದಾರಿಯಲ್ಲಿರುವ ಸ್ಪೈಕ್‌ಗಳು (ನರಕೋಶ ಕಳಿಸುವ ಸಂಕೇತಗಳು), ದಾಖಲಿಸಿಕೊಳ್ಳುವ ಮಾನಿಟರ್ ಎಂಬ ಭಾಗದಲ್ಲಿ ದಾಖಲಾದದ್ದು, ಎಲ್ಲಾ ಎತ್ತಿಡುತ್ತದೆ. ರಿಸ್ಟೋರ್ ಅಂದರೆ ಅದನ್ನು ಮತ್ತೆ ಹಾಗೇ ತರುತ್ತದೆ. ಆದರೆ ಫೈಲ್ ಹೆಸರು ಕೊಡಲೇಬೇಕು, ಇಲ್ಲದಿದ್ದರೆ ಅದು ಬರೀ ಮೆಮೊರಿಯಲ್ಲಿ ಇರುತ್ತದೆ, ಕರೆಂಟ್ ಜೊತೆ ಅದೂ ಹೋಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಜಾಲ ಒಂದು ಹದಕ್ಕೆ ಬರುವವರೆಗೆ ಒಂದೇ ಸಲ ಓಡಿಸಿ ಸ್ಟೋರ್ ಮಾಡಿ, ಆಮೇಲೆ ಬೇರೆ ಬೇರೆ ಇನ್‌ಪುಟ್ ಕೊಟ್ಟು ಪ್ರತಿ ಸಲ ಅಲ್ಲಿಂದಲೇ ಶುರು ಮಾಡಬಹುದು. ಸುಮ್ನೆ ಕಾಯುವುದು ತಪ್ಪಿತು!

ಎರಡು ಕಡೆ ಎಡವಿದೆ. ರಿಸ್ಟೋರ್ ಮಾಡಿದರೂ ಫಲಿತಾಂಶ ಪ್ರತಿ ಸಲ ಬೇರೆ ಬರುತ್ತಿತ್ತು, ಯಾಕೆಂದರೆ ರಾಂಡಮ್ ಸಂಖ್ಯೆಗಳ ಸ್ಥಿತಿ ತಾನಾಗಿ ಹಿಂದಕ್ಕೆ ಬರುವುದಿಲ್ಲ. ರಿಸ್ಟೋರ್ ರಾಂಡಮ್ ಸ್ಟೇಟ್ ಎಂಬ ಆಯ್ಕೆಯನ್ನು ಟ್ರೂ ಮಾಡಬೇಕು. ಇನ್ನೊಂದು, ಫೈಲ್‌ನಲ್ಲಿ ಸ್ಥಿತಿ ಮಾತ್ರ ಇರುತ್ತದೆ, ಮಾದರಿ ಇರುವುದಿಲ್ಲ. ಅದೇ ಸ್ಕ್ರಿಪ್ಟ್‌ನಿಂದ ಅದೇ ಜಾಲ ಕಟ್ಟಿಯೇ ರಿಸ್ಟೋರ್ ಮಾಡಬೇಕು, ನರಕೋಶಗಳ ಗುಂಪುಗಳ ಹೆಸರೂ ಹೊಂದಬೇಕು. ಅದಕ್ಕೇ ನಾನು ಪ್ರತಿ ಗುಂಪಿಗೂ ನಾನೇ ಹೆಸರಿಡುತ್ತೇನೆ.

ಮೊನ್ನೆ ಮತ್ತೆ ಕರೆಂಟ್ ಹೋಯಿತು. ಸಂಜೆ ಬಂದ ಮೇಲೆ ರಿಸ್ಟೋರ್ ಮಾಡಿದೆ, ಸ್ಟೋರ್ ಮಾಡಿಟ್ಟಿದ್ದ, ಮಾದರಿಯೊಳಗಿನ ಕಾಲದ 8ನೇ ಸೆಕೆಂಡಿನಿಂದಲೇ ಓಡಿತು. ಧೈರ್ಯವಾಗಿ ಬಳಸಿ.