ಟೌನ್ ಹಾಲ್ ಹೊರಗೋ, ನಡುವೆಯೋ, ಓರೆಗೋ? ಮೂರು ಬೇಸ್‌ಗಳ ಹೋಲಿಕೆ

ಕ್ಲ್ಯಾಶ್ ಆಫ್ ಕ್ಲಾನ್ಸ್ ಮೊಬೈಲ್ ಆಟದಲ್ಲಿ ನಮ್ಮದೊಂದು ಊರು, ಅಂದರೆ ಬೇಸ್, ಕಟ್ಟಿ ಬೇರೆಯವರ ಅಟ್ಯಾಕ್‌ನಿಂದ ಕಾಪಾಡಬೇಕು. ಊರಿನ ಮುಖ್ಯ ಕಟ್ಟಡ ಟೌನ್ ಹಾಲ್. ಅದು 9ನೇ ಲೆವೆಲ್‌ಗೆ ಬಂದಾಗ ಎಲ್ಲರಿಗೂ ಸಿಗುವ ಸಾಮಾನು ಒಂದೇ. 250 ಗೋಡೆ ತುಂಡು, ಹಾರಿ ಬರುವವರನ್ನು ಹೊಡೆಯುವ ನಾಲ್ಕು ಏರ್ ಡಿಫೆನ್ಸ್, ಹೊಸದಾಗಿ ಎಕ್ಸ್-ಬೋ ಅನ್ನುವ ದೊಡ್ಡ ಬಿಲ್ಲು. ಆದರೂ ಒಬ್ಬರ ಊರು ಎರಡು ನಿಮಿಷದಲ್ಲಿ ನೆಲಸಮ ಆಗುತ್ತದೆ, ಇನ್ನೊಬ್ಬರದು ಒಂದು ಸ್ಟಾರ್‌ಗೇ ನಿಲ್ಲುತ್ತದೆ (ಅಟ್ಯಾಕ್ ಮಾಡಿದವರಿಗೆ ಹಾಲ್ ಒಡೆದರೆ ಒಂದು ಸ್ಟಾರ್, ಅರ್ಧ ಊರು ಒಡೆದರೆ ಒಂದು, ಪೂರ್ತಿ ಒಡೆದರೆ ಇನ್ನೊಂದು). ಲೇಔಟ್ ಅಷ್ಟು ಮುಖ್ಯ. ಅದೇ ಸಾಮಾನಿನಿಂದ ಮೂರು ಥರ ಕಟ್ಟಿ ಆಡಿದ್ದೇನೆ. ಪ್ರತಿಯೊಂದರ ಮೇಲೂ ಬಿದ್ದ ಅಟ್ಯಾಕ್‌ಗಳ ರೀಪ್ಲೇ ಕೂತು ನೋಡಿದ್ದೇನೆ. ನನಗೆ ಕಂಡಿದ್ದು ಇದು.

ಮೊದಲನೆಯದು, ಹಾಲ್ ಹೊರಗೆ. ಟೌನ್ ಹಾಲನ್ನು ಮೂಲೆಯಲ್ಲಿಟ್ಟು, ಗೋಡೆ ಒಳಗೆ ಸ್ಟೋರೇಜ್‌ಗಳನ್ನು, ಅಂದರೆ ಚಿನ್ನ ಮುಂತಾದವನ್ನು ಕೂಡಿಡುವ ಕಟ್ಟಡಗಳನ್ನು, ಕಾಪಾಡುವುದು. ಒಂದು ಕಾಲಕ್ಕೆ ಇದು ಒಳ್ಳೆಯ ಉಪಾಯವೇ. ಬಂದವರು ಹಾಲ್ ಒಡೆದು, ಸ್ಟಾರ್ ತಗೊಂಡು ಹೋಗುತ್ತಿದ್ದರು. ನಮಗೆ ಶೀಲ್ಡ್ (ಸ್ವಲ್ಪ ಕಾಲ ಯಾರೂ ಅಟ್ಯಾಕ್ ಮಾಡದಂತೆ ರಕ್ಷಣೆ) ಸಿಗುತ್ತಿತ್ತು, ಚಿನ್ನ ಉಳಿಯುತ್ತಿತ್ತು. 2015ರ ಡಿಸೆಂಬರ್ ಅಪ್‌ಡೇಟ್‌ನಲ್ಲಿ ಆ ಲೆಕ್ಕ ಬದಲಾಯಿತು. ಊರು ಕನಿಷ್ಠ 30% ಹಾಳಾದರೆ ಮಾತ್ರ ಶೀಲ್ಡ್ ಅಂತಾಯಿತು. ಈಗ ಹಾಲ್ ಹೊರಗಿಟ್ಟರೆ ಒಂದು ಸ್ಟಾರನ್ನು ಸುಮ್ನೆ ದಾನ ಮಾಡಿದ ಹಾಗೆ. ಇನ್ನೂ ಹಳೇ ಗೈಡ್ ನೋಡಿ ಇದನ್ನೇ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ.

ಎರಡನೆಯದು, ಉಂಗುರ. ಹಾಲ್ ನಟ್ಟನಡುವೆ, ಸುತ್ತ ಎಕ್ಸ್-ಬೋ ಮತ್ತು ಕ್ಲಾನ್ ಕ್ಯಾಸಲ್ (ನಮ್ಮ ತಂಡದವರು ಕೊಟ್ಟ ಸೈನಿಕರು, ಅಂದರೆ ಟ್ರೂಪ್‌ಗಳು, ಇರುವ ಕಟ್ಟಡ), ಅದರಾಚೆ ಒಂದು ಸುತ್ತು ಗೋಡೆ, ಆಮೇಲೆ ಉಳಿದ ಡಿಫೆನ್ಸ್, ಮತ್ತೆ ಒಂದು ಸುತ್ತು ಗೋಡೆ. ನೋಡೋಕೆ ಕೋಟೆಯೇ. ಟ್ರೋಫಿ (ರ‍್ಯಾಂಕ್‌ನ ಅಂಕ) ಉಳಿಸಿಕೊಳ್ಳುವುದಷ್ಟೇ ಗುರಿಯಾದರೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಡ್ರ್ಯಾಗನ್ ತಂದವರು ಅಂಚಿನಲ್ಲೇ ಸುತ್ತಾಡಿ 50% ಹೊಡೆಯುತ್ತಾರೆ, ಹಾಲ್ ಮುಟ್ಟುವಷ್ಟರಲ್ಲಿ ಅಟ್ಯಾಕ್‌ಗೆ ಇರುವ ಮೂರು ನಿಮಿಷ ಮುಗಿದಿರುತ್ತದೆ. ಕ್ಲಾನ್ ಕ್ಯಾಸಲ್ ನಡುವೆ ಇರುವುದರಿಂದ ಒಳಗಿನ ಟ್ರೂಪ್‌ಗಳನ್ನು ಆಚೆ ಎಳೆದು ಕೊಲ್ಲುವುದೂ ಕಷ್ಟ.

ತೊಂದರೆ ಬರುವುದು ನೆಲದ ಅಟ್ಯಾಕ್‌ನಲ್ಲಿ. ಹೊರಗಿನ ಸುತ್ತು ಒಂದು ಕಡೆ ಒಡೆದರೆ ಸಾಕು, ಇಡೀ ಉಂಗುರ ತೆರೆದಂತೆ. ವಾಲ್ ಬ್ರೇಕರ್‌ಗಳು ಒಂದು ತೂತು ಮಾಡುತ್ತವೆ, ಜೈಂಟ್‌ಗಳು ಒಳಗೆ ನುಗ್ಗಿ ಎರಡು ಗೋಡೆಗಳ ನಡುವಿನ ಓಣಿಯಲ್ಲೇ ಒಂದಾದ ಮೇಲೊಂದು ಡಿಫೆನ್ಸ್ ಒಡೆಯುತ್ತಾ ಸುತ್ತು ಹೊಡೆಯುತ್ತವೆ. ವಿಜರ್ಡ್ ಟವರ್‌ನ ರೇಂಜ್ 7 ಟೈಲ್ (ನೆಲದ ಚೌಕ) ಮಾತ್ರ. ಈ ಬದಿಯ ಟವರ್ ಆ ಬದಿಗೆ ಮುಟ್ಟುವುದೇ ಇಲ್ಲ. ಮಾರ್ಟರ್ ದೂರ ಹೊಡೆಯುತ್ತದೆ ನಿಜ, ಆದರೆ 4 ಟೈಲ್‌ಗಿಂತ ಹತ್ತಿರ ಬಂದವರನ್ನು ಅದು ಏನೂ ಮಾಡಲಾರದು. ಇನ್ನೊಂದು, ಎರಡು ಸುತ್ತಿಗೇ ಗೋಡೆಗಳೆಲ್ಲ ಖರ್ಚಾಗಿ, ಅಡ್ಡಗೋಡೆಗೆ ಏನೂ ಉಳಿಯುವುದಿಲ್ಲ.

ನನಗೆ ಹಿಡಿಸಿದ್ದು ಮೂರನೆಯದು, ಕೋಣೆ ಕೋಣೆಯ ಬೇಸ್. ಹಾಲ್ ಒಳಗೇ ಇರುತ್ತದೆ, ಆದರೆ ನಡುವಿನಿಂದ ಒಂದು ಬದಿಗೆ ಸರಿದಿರುತ್ತದೆ. ಇಡೀ ಊರು ಚಿಕ್ಕ ಚಿಕ್ಕ ಕೋಣೆಗಳಾಗಿ ಒಡೆದಿರುತ್ತದೆ. ಒಂದೊಂದರಲ್ಲಿ ಒಂದೆರಡು ಡಿಫೆನ್ಸ್, ಜೊತೆಗೆ ಒಂದು ಸ್ಟೋರೇಜ್.

ಒಂದು ರೀಪ್ಲೇಯಂತೂ ಚೆನ್ನಾಗಿ ನೆನಪಿದೆ. ಜೈಂಟ್‌ಗಳು ಎಡಗಡೆಯಿಂದ ಬಂದವು, ವಾಲ್ ಬ್ರೇಕರ್‌ಗಳು ಮೊದಲ ಕೋಣೆ ತೆರೆದವು, ಆರ್ಚರ್ ಟವರ್ ಬಿತ್ತು. ಮುಂದಿನ ಡಿಫೆನ್ಸ್ ಪಕ್ಕದ ಕೋಣೆಯಲ್ಲಿ. ಅಲ್ಲಿಗೆ ಮತ್ತೆ ಗೋಡೆ. ವಾಲ್ ಬ್ರೇಕರ್ ಮುಗಿದಿದ್ದವು. ಜೈಂಟ್‌ಗಳು ಗೋಡೆ ಗುದ್ದುತ್ತಾ ನಿಂತವು. ಹಿಂದೆ ಬಂದ ವಿಜರ್ಡ್‌ಗಳು ಅದೇ ಇಕ್ಕಟ್ಟಿನಲ್ಲಿ ಗುಂಪಾದರು. ಮೇಲಿಂದ ಮಾರ್ಟರ್, ಬದಿಯಿಂದ ಎಕ್ಸ್-ಬೋ. ಅಷ್ಟೇ, ಅಟ್ಯಾಕ್ ಮುಗಿಯಿತು. ಗೋಡೆ ಯಾರನ್ನೂ ಕೊನೇ ತನಕ ತಡೆಯುವುದಿಲ್ಲ. ಅವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ತೀರ್ಮಾನಿಸುತ್ತದೆ. ಆ ಜಾಗ ನಮ್ಮ ಸ್ಪ್ಲ್ಯಾಶ್ ಡಿಫೆನ್ಸ್‌ಗಳ (ಒಂದೇ ಏಟಿಗೆ ಗುಂಪನ್ನೇ ಹೊಡೆಯುವವು) ರೇಂಜ್ ಒಳಗಿರಬೇಕು.

ಇದಕ್ಕೂ ಕೊರತೆಗಳಿವೆ. ಹಾಲ್ ಒಂದು ಬದಿಗೆ ಹತ್ತಿರವಿರುವುದರಿಂದ ಎರಡು ಸ್ಟಾರ್ ಸ್ವಲ್ಪ ಸುಲಭವಾಗಿ ಹೋಗುತ್ತದೆ. ಎರಡು ತಂಡಗಳ ನಡುವಿನ ಕ್ಲಾನ್ ವಾರ್‌ನಲ್ಲಿ ಮೂರನೇ ಸ್ಟಾರ್ ತಡೆಯುವುದೇ ದೊಡ್ಡದು, ಹಾಗಾಗಿ ಅಲ್ಲಿ ನನಗೆ ಇದು ಒಪ್ಪಿಗೆ. ಹಾಗ್ ರೈಡರ್‌ಗಳಿಗಂತೂ ಗೋಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾರಿಕೊಂಡು ನೇರ ಡಿಫೆನ್ಸ್‌ಗೇ ಹೋಗುತ್ತವೆ. ಅವಕ್ಕೆ ಮದ್ದು ಜೈಂಟ್ ಬಾಂಬ್. ಎರಡು ಡಿಫೆನ್ಸ್‌ಗಳ ನಡುವೆ, ಅವು ಓಡುವ ದಾರಿಯಲ್ಲೇ ಇಡಬೇಕು. ಡ್ರ್ಯಾಗನ್‌ಗೂ ಗೋಡೆಯ ಹಂಗಿಲ್ಲ, ಆದರೆ ಅದು ಹತ್ತಿರದ ಕಟ್ಟಡವನ್ನು ಒಡೆದೇ ಮುಂದೆ ಹೋಗುತ್ತದೆ. ಸ್ಟೋರೇಜ್‌ಗಳಿಗೆ ಹಿಟ್‌ಪಾಯಿಂಟ್ (ಏಟು ತಾಳುವ ಶಕ್ತಿ) ಜಾಸ್ತಿ ಅಲ್ವಾ? ಏರ್ ಡಿಫೆನ್ಸ್ ಮುಂದೆ ಸ್ಟೋರೇಜ್ ಇಟ್ಟರೆ ಡ್ರ್ಯಾಗನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಷ್ಟು ಹೊತ್ತೂ ಏಟು ತಿನ್ನುತ್ತದೆ. ಲೂಟಿ ಹೆಚ್ಚು ಹೋಗುತ್ತದೋ ಅಂತ ಭಯವಿತ್ತು, ಹಾಗೇನೂ ಆಗಲಿಲ್ಲ. ಎಲ್ಲ ಒಂದೇ ಕಡೆ ಇರದೆ ಕೋಣೆಗಳಲ್ಲಿ ಹಂಚಿದ್ದರಿಂದ, ಗಾಬ್ಲಿನ್ ತಂದವರಿಗೂ ಒಂದು ಬದಿಯದ್ದು ಮಾತ್ರ ಸಿಗುತ್ತಿತ್ತು.

ಹಾಗಾಗಿ ವಾರ್‌ಗೂ ದಿನದ ಆಟಕ್ಕೂ ಕೋಣೆ ಬೇಸ್, ಟ್ರೋಫಿ ಏರಿಸುವಾಗ ಮಾತ್ರ ಉಂಗುರ. ಎರಡನ್ನೂ ಸೇವ್ ಮಾಡಿಟ್ಟುಕೊಳ್ಳಬಹುದು, ಬದಲಿಸಲು ಖರ್ಚಿಲ್ಲ. ಬೇರೆಯವರ ಲಿಂಕ್‌ನಿಂದ ಲೇಔಟ್ ತಗೊಂಡರೆ, ಹಿಡನ್ ಟೆಸ್ಲಾ (ಅಡಗಿರುವ ಡಿಫೆನ್ಸ್) ಮತ್ತು ಬಾಂಬ್‌ಗಳ ಜಾಗವನ್ನು ಮಾತ್ರ ಖಂಡಿತ ಬದಲಿಸಿ. ಅದೇ ಲಿಂಕ್ ಅಟ್ಯಾಕ್ ಮಾಡುವವರ ಹತ್ತಿರವೂ ಇರುತ್ತದೆ.